ಕುಸ್ಕೋಗೆ ಹೊರಡುವ ಮುನ್ನ: 3,400 ಮೀಟರ್ ಎತ್ತರದ ಊರಿನ ಪ್ರವಾಸ ಯೋಜಿಸುವ ಬಗೆ

ಪೆರು ದೇಶದ ಕುಸ್ಕೋ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಮೇಲಿದೆ. ಬೆಂಗಳೂರು 920 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಅಷ್ಟೆ. ಹಾಗಾಗಿ ಕರ್ನಾಟಕದ ಯಾವ ಬೆಟ್ಟ ಹತ್ತಿದರೂ ಕಾಲಿಗೆ ಬಲ ಬಂದೀತೇ ಹೊರತು ಕುಸ್ಕೋದ ತೆಳುಗಾಳಿಗೆ ಮೈ ಒಗ್ಗುವುದಿಲ್ಲ. ದಿನಾ ಜಿಮ್‌ಗೆ ಹೋಗುವ ಇಪ್ಪತ್ತೈದರ ಹುಡುಗ ತಲೆ ಹಿಡಿದುಕೊಂಡು ಮಲಗಿ, ನಿಧಾನವಾಗಿ ನಡೆಯುವ ಅವನ ಅಮ್ಮ ಆರಾಮಾಗಿ ಓಡಾಡುವುದು ಅಲ್ಲಿ ಸಾಮಾನ್ಯ. ಎತ್ತರದ ಕಾಯಿಲೆ ದೇಹದಾರ್ಢ್ಯ ನೋಡಿ ಬರುವುದಿಲ್ಲ. ಎಷ್ಟು ಬೇಗ ಮೇಲೇರಿದಿರಿ, ಆ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಎಂಬುದನ್ನು ನೋಡಿ ಬರುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಬೆಳಗ್ಗೆ ರಾಜಧಾನಿ ಲಿಮಾದಿಂದ ವಿಮಾನ, ಮಧ್ಯಾಹ್ನ ಕುಸ್ಕೋ ನಗರ ದರ್ಶನ, ಮರುದಿನ ನಸುಕಿಗೇ 5,000 ಮೀಟರ್ ಮೀರಿದ ಕಾಮನಬಿಲ್ಲಿನ ಬೆಟ್ಟ. ಕಾಗದದ ಮೇಲೆ ಚೆನ್ನಾಗಿ ಕಾಣುವ ಈ ಪಟ್ಟಿ ಮೊದಲ ರಾತ್ರಿಯೇ ಕೈಕೊಡುತ್ತದೆ. ನಮ್ಮ ಸಲಹೆ ಇದರ ತಿರುಗುಮುರುಗು: ಕುಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿಯಿರಿ, ಆದರೆ ಆ ರಾತ್ರಿ ಕುಸ್ಕೋದಲ್ಲಿ ಮಲಗಬೇಡಿ. ನೇರ ಕುಸ್ಕೋಗಿಂತ ತಗ್ಗಿನಲ್ಲಿರುವ ಉರುಬಾಂಬಾ ಕಣಿವೆಗೆ ಇಳಿಯಿರಿ, ಹಿಂದೆ ಅಲ್ಲಿ ಆಳಿದ ಇಂಕಾ ಜನರ ಕಲ್ಲಿನ ಊರು ಮಾಚು ಪಿಚು ಮುಗಿಸಿ, ಆಮೇಲೆ ಕುಸ್ಕೋಗೆ ಬನ್ನಿ.

ಮೈಯಲ್ಲಿ ಏನಾಗುತ್ತದೆ

ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಅಲ್ಲಿಯೂ ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಷ್ಟೇ ಒತ್ತಡ ಅಲ್ಲಿರುವುದರಿಂದ, ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟಕ್ಕೇ ಇಳಿಯುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಯಲ್ಲಿ 97-98 ತೋರಿಸಿದ್ದು ಅಲ್ಲಿ 85ರಿಂದ 92ರ ನಡುವೆ ನಿಲ್ಲುತ್ತದೆ. ಕೋವಿಡ್ ಕಾಲದ ನೆನಪಿರುವವರಿಗೆ ಆ ಅಂಕಿಯೇ ಗಾಬರಿ ಹುಟ್ಟಿಸಬಹುದು. ಆ ಎತ್ತರಕ್ಕೆ ಅದು ಸಹಜ. ಅಂಕಿಗಿಂತ ಮುಖ್ಯ ನಿಮಗೆ ಹೇಗನಿಸುತ್ತಿದೆ ಎಂಬುದು.

ಇಳಿದ ತಕ್ಷಣ ಏನೂ ಆಗದಿರುವುದೇ ದೊಡ್ಡ ಮೋಸ. ಲಕ್ಷಣಗಳು ಸಾಮಾನ್ಯವಾಗಿ 6ರಿಂದ 12 ಗಂಟೆ ಬಿಟ್ಟು ಕಾಣಿಸಿಕೊಳ್ಳುತ್ತವೆ: ತಲೆನೋವು, ವಾಕರಿಕೆ, ಊಟ ಬೇಡ ಅನಿಸುವುದು, ಸುಸ್ತು, ನಿದ್ದೆ ಬಾರದಿರುವುದು. ಅಲ್ಲಿಯವರು ಇದನ್ನು ಸೊರೋಚೆ ಎನ್ನುತ್ತಾರೆ. ಬೆಳಗ್ಗೆ ಹತ್ತಕ್ಕೆ ಇಳಿದವರು ಮಧ್ಯಾಹ್ನ ಪೂರ್ತಿ ಹುರುಪಿನಿಂದ ಸುತ್ತಾಡಿ, ರಾತ್ರಿ ಹತ್ತಕ್ಕೆ ತಲೆ ಸಿಡಿಯುತ್ತಿದೆ ಎನ್ನುವುದು ಇದಕ್ಕೇ. ನಿದ್ದೆಯಲ್ಲಿ ಉಸಿರು ಒಂದೆರಡು ಕ್ಷಣ ನಿಂತು, ಜೋರಾಗಿ ಎಳೆದುಕೊಂಡು ಎಚ್ಚರವಾಗುವುದೂ ಉಂಟು. ಪಕ್ಕದಲ್ಲಿ ಮಲಗಿದವರು ಹೆದರುತ್ತಾರೆ, ಆದರೆ ಅಷ್ಟರಿಂದಲೇ ಅಪಾಯವಿಲ್ಲ.

ಎರಡು-ಮೂರು ತಿಂಗಳ ಮೊದಲು: ಕಾಗದಪತ್ರ

ವೀಸಾ. ಭಾರತೀಯ ಪಾಸ್‌ಪೋರ್ಟಿಗೆ ಪೆರು ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ವೀಸಾ ಕನಿಷ್ಠ ಆರು ತಿಂಗಳ ಅವಧಿ ಉಳಿದಂತೆ ಇದ್ದರೆ, ಅಥವಾ ಆ ದೇಶಗಳಲ್ಲಿ ಕಾಯಂ ವಾಸದ ಅನುಮತಿ ಇದ್ದರೆ, ಪ್ರವಾಸಕ್ಕೆ ಪ್ರತ್ಯೇಕ ವೀಸಾ ಬೇಡ. ಅಮೆರಿಕದಲ್ಲಿ ಕೆಲಸದ ವೀಸಾದ ಮೇಲಿರುವ ನಮ್ಮವರು ಒಂದು ಸಂಗತಿ ಗಮನಿಸಬೇಕು: ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಅವಧಿಯನ್ನೇ ನೋಡಿ. ಕೆಲಸದ ಅನುಮತಿ ವಿಸ್ತರಣೆಯಾಗಿದೆ ಎಂಬ ಧೈರ್ಯದ ಮೇಲೆ ಟಿಕೆಟ್ ತೆಗೆಯಬೇಡಿ. ಉಳಿದವರು ದೆಹಲಿಯ ಪೆರು ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವ ವಾರ ಮತ್ತೊಮ್ಮೆ ಅವರ ಜಾಲತಾಣ ನೋಡಿ.

ಬೆಂಗಳೂರಿನಿಂದ ಲಿಮಾಕ್ಕೆ ನೇರ ವಿಮಾನವಿಲ್ಲ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಮ್ಯಾಡ್ರಿಡ್ ಮೂಲಕ ಹೋಗಬಹುದು. ಅಮೆರಿಕದ ಮೂಲಕ ಹೋದರೆ ವಿಮಾನ ಬದಲಾಯಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಯುರೋಪಿನ ಕೆಲವು ದೇಶಗಳು ನಿಲ್ದಾಣದೊಳಗೇ ಇದ್ದು ವಿಮಾನ ಬದಲಿಸುವವರಿಂದಲೂ ಟ್ರಾನ್ಸಿಟ್ ವೀಸಾ ಕೇಳುತ್ತವೆ. ಅಗ್ಗದ ಟಿಕೆಟ್ ಕಂಡೊಡನೆ ಹಣ ಕಟ್ಟದೆ ಇದನ್ನು ಮೊದಲು ಖಚಿತ ಮಾಡಿಕೊಳ್ಳಿ.

ಹಳದಿ ಜ್ವರದ ಲಸಿಕೆ. ಇದನ್ನು ಮರೆಯುವವರೇ ಹೆಚ್ಚು. ಕುಸ್ಕೋ ಊರಲ್ಲಿ ಆ ಜ್ವರದ ಭಯವಿಲ್ಲ. ಆದರೆ ಕಾಯಿಲೆ ಇರುವ ದೇಶಗಳ ಭಾರತದ ಪಟ್ಟಿಯಲ್ಲಿ ಪೆರು ಇದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದಿಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಸರ್ಕಾರ ಅನುಮತಿಸಿದ ಕೇಂದ್ರಗಳಲ್ಲಷ್ಟೇ ಸಿಗುತ್ತದೆ, ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು. ಚುಚ್ಚಿಸಿಕೊಂಡ ಹತ್ತು ದಿನದ ನಂತರವಷ್ಟೇ ಪ್ರಮಾಣಪತ್ರಕ್ಕೆ ಮಾನ್ಯತೆ, ಆಮೇಲೆ ಜೀವನಪೂರ್ತಿ. ಮೊಟ್ಟೆ ಅಲರ್ಜಿ ಇರುವವರು, ಗರ್ಭಿಣಿಯರು, ಅರವತ್ತು ದಾಟಿದವರು ಮೊದಲು ವೈದ್ಯರನ್ನು ಕೇಳಿ.

ಮಾಚು ಪಿಚು ಟಿಕೆಟ್. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಮಾಮೂಲಿಗೆ 4,500, ಕೆಲವು ವಿಶೇಷ ದಿನಗಳಲ್ಲಿ 5,600. 2024ರಿಂದ ಮೂರು ಸರ್ಕ್ಯೂಟ್‌ಗಳು, ಅಂದರೆ ಒಳಗೆ ನಡೆಯಲು ಗೊತ್ತುಪಡಿಸಿದ ಸುತ್ತುಗಳು, ಅವುಗಳೊಳಗೆ ಹತ್ತು ದಾರಿಗಳು. ಚಿತ್ರಗಳಲ್ಲಿ ನೋಡಿದ ಮೇಲಿನ ನೋಟವೂ ಬೇಕು, ಕಲ್ಲಿನ ಊರೊಳಗೂ ನಡೆಯಬೇಕು ಎಂದರೆ ಎರಡನೇ ಸರ್ಕ್ಯೂಟ್. ಮೊದಲು ಖಾಲಿಯಾಗುವುದೂ ಅದೇ. ಮೊದಲನೆಯದರಲ್ಲಿ ಮೇಲಿನ ನೋಟ ಮಾತ್ರ, ಮೂರನೆಯದರಲ್ಲಿ ಕೆಳಭಾಗ ಮಾತ್ರ. ಚಿತ್ರಗಳಲ್ಲಿ ಹಿಂದೆ ಚೂಪಾಗಿ ನಿಂತಿರುವ ವಾಯ್ನಾ ಪಿಚು ಹತ್ತುವ ದಾರಿ ಮೂರನೆಯ ಸರ್ಕ್ಯೂಟಿಗೆ ಸೇರಿದೆ. ಜೂನ್-ಆಗಸ್ಟ್‌ಗೆ ಹೋಗುವವರು ಮೂರು ತಿಂಗಳ ಮೊದಲೇ ಕೊಳ್ಳಿ. ವಿಮಾನ ಟಿಕೆಟ್‌ಗಿಂತ ಮೊದಲು ಇದರ ದಿನ ನೋಡಿಕೊಳ್ಳುವುದೇ ಜಾಣತನ.

ಟಿಕೆಟ್ ತುಂಬುವಾಗ ನಮ್ಮ ಹೆಸರುಗಳದ್ದೊಂದು ಪೇಚು. ಅರ್ಜಿಯಲ್ಲಿ ಕುಲನಾಮದ ಖಾನೆ ಖಾಲಿ ಬಿಡಲು ಆಗುವುದಿಲ್ಲ. ನಮ್ಮಲ್ಲಿ ಕೆಲವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಕೆಲವರದ್ದರಲ್ಲಿ ಊರು, ಅಪ್ಪನ ಹೆಸರು ಎಲ್ಲಾ ಬಿಡಿಸಿ ಬರೆದಿರುತ್ತದೆ. ಇನಿಷಿಯಲ್ ಹಾಕಬೇಡಿ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ, ಪಾಸ್‌ಪೋರ್ಟ್ ಸಂಖ್ಯೆಯನ್ನು ಒಂದೊಂದೇ ಅಕ್ಷರ ಹಿಡಿದು ಹೋಲಿಸಿ. ಬಾಗಿಲಲ್ಲಿ ಮೂಲ ಪಾಸ್‌ಪೋರ್ಟ್ ಕೇಳುತ್ತಾರೆ. ಟಿಕೆಟ್ ಕೊಂಡ ಮೇಲೆ ಪಾಸ್‌ಪೋರ್ಟ್ ಹೊಸದಾದರೆ ಹಳೆಯದನ್ನೂ ಜೊತೆಗಿಟ್ಟುಕೊಳ್ಳಿ.

ವಿಮೆ ಕೊಳ್ಳುವಾಗ ಷರತ್ತುಗಳಲ್ಲಿ ಎತ್ತರದ ಮಿತಿ ಹುಡುಕಿ. ಕೆಲವು ಪಾಲಿಸಿಗಳು ಇಂತಿಷ್ಟು ಮೀಟರ್ ಮೇಲೆ ಹಣ ಕೊಡುವುದಿಲ್ಲ.

ಯಾವ ತಿಂಗಳು

ಅದು ಭೂಮಧ್ಯರೇಖೆಯ ಆಚೆಯ ನಾಡು, ಅಲ್ಲಿನ ಚಳಿಗಾಲ ನಮ್ಮ ಮಳೆಗಾಲದಲ್ಲಿ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಒಣಹವೆ, ನೀಲಿ ಆಕಾಶ. ಹಗಲು ಅಂಗಿ ಸಾಕು ಅನಿಸುವ ಬಿಸಿಲು, ಜೂನ್-ಜುಲೈ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ. ಜೂನ್ 24ರಂದು ಸೂರ್ಯನ ಹಬ್ಬ ಇಂತಿ ರೈಮಿ, ಆ ವಾರ ಕೋಣೆ ಸಿಗುವುದು ಕಷ್ಟ. ಜನವರಿ-ಫೆಬ್ರವರಿಯಲ್ಲಿ ಮಳೆ ಜೋರು. 2010ರ ಜನವರಿಯಲ್ಲಿ ಪ್ರವಾಹಕ್ಕೆ ರೈಲು ಹಳಿ ಕೊಚ್ಚಿಹೋಗಿ ಸಾವಿರಾರು ಪ್ರವಾಸಿಗರು ಮಾಚು ಪಿಚುವಿನ ಬುಡದಲ್ಲಿ ಸಿಕ್ಕಿಬಿದ್ದಿದ್ದರು. ಕಾಲ್ನಡಿಗೆಯ ಇಂಕಾ ಹಾದಿಯನ್ನು ಪ್ರತಿ ಫೆಬ್ರವರಿ ಮುಚ್ಚುತ್ತಾರೆ. ಆಯ್ಕೆ ನಮ್ಮದಾದರೆ ಮೇ, ಇಲ್ಲವೇ ಸೆಪ್ಟೆಂಬರ್: ಒಣಹವೆಯೂ ಇರುತ್ತದೆ, ನೂಕುನುಗ್ಗಲೂ ಕಡಿಮೆ.

ವೈದ್ಯರ ಬಳಿ ಕೇಳಬೇಕಾದ್ದು

ಹೊರಡುವ ತಿಂಗಳ ಮೊದಲು ಒಮ್ಮೆ ಹೋಗಿ ಬನ್ನಿ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು, ಹತೋಟಿಗೆ ಬಾರದ ರಕ್ತದೊತ್ತಡದವರು ವೈದ್ಯರು ಒಪ್ಪದೆ ಟಿಕೆಟ್ ತೆಗೆಯಲೇಬೇಡಿ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚು, ಅದಿದ್ದವರಿಗೆ ತೆಳುಗಾಳಿ ಇನ್ನಷ್ಟು ಕಷ್ಟ. ಮಧುಮೇಹಿಗಳ ಗ್ಲುಕೋಮೀಟರ್ ಎತ್ತರದಲ್ಲೂ ಚಳಿಯಲ್ಲೂ ತಪ್ಪು ಅಂಕಿ ತೋರಿಸಬಹುದು.

ಮುನ್ನೆಚ್ಚರಿಕೆಗೆ ಕೊಡುವ ಮಾತ್ರೆ ಅಸೆಟಾಜೋಲಮೈಡ್, ನಮ್ಮಲ್ಲಿ ಡೈಮಾಕ್ಸ್ ಹೆಸರಿನಲ್ಲಿ ಪರಿಚಿತ. ದೊಡ್ಡವರಿಗೆ ಸಾಮಾನ್ಯ ಪ್ರಮಾಣ 125 ಮಿಲಿಗ್ರಾಂ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಅಂಗಡಿಯಲ್ಲಿ 250ರ ಮಾತ್ರೆ ಸಿಕ್ಕರೆ ಅರ್ಧ ಅರ್ಧ. ಮೇಲೇರುವ ಹಿಂದಿನ ದಿನ ಶುರುಮಾಡಿ, ಮೇಲೆ ತಲುಪಿದ ಎರಡು ದಿನದವರೆಗೆ ಮುಂದುವರಿಸಬೇಕು. ಅಂದರೆ ಲಿಮಾದಲ್ಲೇ ಆರಂಭ. ತಲೆನೋವು ಬಂದ ಮೇಲೆ ನುಂಗಿದರೆ ಮುನ್ನೆಚ್ಚರಿಕೆಯ ಲಾಭ ಕೈತಪ್ಪಿದಂತೆ. ಬೆರಳ ತುದಿಯಲ್ಲಿ ಜುಮುಜುಮು ಅನ್ನುತ್ತದೆ, ಮೂತ್ರ ಹೆಚ್ಚು ಹೋಗುತ್ತದೆ, ಸೋಡಾ ಸಪ್ಪೆ ಎನಿಸುತ್ತದೆ. ಇವೆಲ್ಲ ನಿರೀಕ್ಷಿತವೇ. ಸಲ್ಫಾ ಔಷಧಿಗೆ ಅಲರ್ಜಿ ಇದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮನೆಯಲ್ಲಿರುವಾಗಲೇ ಒಂದು ದಿನ ತೆಗೆದುಕೊಂಡು ನೋಡಿ, ಒಗ್ಗದಿದ್ದರೆ ಇಲ್ಲೇ ಗೊತ್ತಾಗುತ್ತದೆ.

ದಿನದಿನದ ಲೆಕ್ಕ

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎಂಬುದು ಪರ್ವತ ವೈದ್ಯರ ಸೂತ್ರ. ಲಿಮಾದಿಂದ ಹಾರಿದವರು ಇದನ್ನು ಪೂರ್ತಿ ಪಾಲಿಸಲಾರರು. ಆದರೆ ಮೊದಲ ರಾತ್ರಿಗಳನ್ನು 2,800ರ ಕಣಿವೆಯಲ್ಲಿ ಕಳೆದರೆ ಪೆಟ್ಟು ಬಹಳ ಮೃದುವಾಗುತ್ತದೆ.

ಮೊದಲ ರಾತ್ರಿ ಲಿಮಾ. ನಮ್ಮ ಗಡಿಯಾರಕ್ಕಿಂತ ಹತ್ತೂವರೆ ಗಂಟೆ ಹಿಂದಿರುವ ಊರಿಗೆ ಒಂದು ದಿನಕ್ಕೂ ಮೀರಿದ ಪ್ರಯಾಣ ಮಾಡಿ ಬಂದಿರುತ್ತೀರಿ. ನಿದ್ದೆಗೆಟ್ಟ ತಲೆನೋವು ಯಾವುದು, ಎತ್ತರದ ತಲೆನೋವು ಯಾವುದು ಎಂದು ಬೇರ್ಪಡಿಸಬೇಕಾದರೆ ಇಲ್ಲಿ ಚೆನ್ನಾಗಿ ಮಲಗಿ ಏಳಬೇಕು.

ಮರುದಿನ, ಅಂದರೆ ನಮ್ಮ ಲೆಕ್ಕದ ಮೊದಲ ದಿನ, ಬೆಳಗಿನ ವಿಮಾನ, ಕುಸ್ಕೋ ಒಂದೂಕಾಲು ಗಂಟೆಯ ಹಾರಾಟ. ನಿಲ್ದಾಣವೇ 3,310 ಮೀಟರ್‌ನಲ್ಲಿದೆ. ಇಳಿದೊಡನೆ ಎಲ್ಲರೂ ಧಾವಿಸುತ್ತಾರೆ, ನೀವು ಧಾವಿಸಬೇಡಿ. ಸಾಮಾನು ಬರುವ ಪಟ್ಟಿಯ ಮುಂದೆ ನಿಂತು, ಭಾರದ ಪೆಟ್ಟಿಗೆಯನ್ನು ಒಂದೇ ಎಳೆತಕ್ಕೆ ಎತ್ತಿದಾಗ ಕಣ್ಣು ಕತ್ತಲೆ ಬರುವುದು ಅಲ್ಲೇ. ಇಬ್ಬರು ಸೇರಿ ಎತ್ತಿ, ಅಥವಾ ಹಮಾಲರಿಗೆ ಬಿಡಿ. ಮೊದಲೇ ಹೇಳಿಟ್ಟ ಟ್ಯಾಕ್ಸಿಯಲ್ಲಿ ಉರುಬಾಂಬಾ (ಸುಮಾರು 2,870 ಮೀಟರ್) ಅಥವಾ ಒಯಾಂತಾಯ್ತಾಂಬೊ (ಸುಮಾರು 2,790 ಮೀಟರ್) ಕಡೆ ಹೊರಡಿ. ಎರಡು ಗಂಟೆಯ ದಾರಿ. ಕಣಿವೆಗೆ ಇಳಿಯುವ ಮೊದಲು ರಸ್ತೆ ಚಿಂಚೆರೊ ಬಳಿ 3,700 ಮೀಟರ್ ದಾಟುತ್ತದೆ. ಅಲ್ಲಿ ಫೋಟೋಗೆಂದು ಇಳಿದು ಓಡಾಡದೆ, ಸೀಟಿಗೊರಗಿ ನಿಧಾನವಾಗಿ ಉಸಿರಾಡಿ. ಕೋಣೆ ಸೇರಿ, ಹಗುರ ಊಟ, ಒಂದು ಸಣ್ಣ ನಡಿಗೆ, ಬೇಗ ನಿದ್ದೆ. ಬಿಯರ್, ವೈನ್, ನಿದ್ದೆ ಮಾತ್ರೆ ಎರಡು ದಿನ ಬೇಡ. ಇವು ನಿದ್ದೆಯಲ್ಲಿ ಉಸಿರನ್ನು ಇನ್ನೂ ತಗ್ಗಿಸುತ್ತವೆ.

ಎರಡನೇ ದಿನ ಒಯಾಂತಾಯ್ತಾಂಬೊದ ಇಂಕಾ ಕೋಟೆ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲಿನ ಕಡಿದಾದ ಏರು. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಲ್ಲಿ. ಪಕ್ಕದವರ ಜೊತೆ ಮಾತಾಡುತ್ತಾ ಹತ್ತಲು ಆದರೆ ನಿಮ್ಮ ನಡಿಗೆ ಸರಿ, ಮಾತು ತುಂಡಾದರೆ ವೇಗ ಜಾಸ್ತಿಯಾಯಿತೆಂದು ಅರ್ಥ. ಹಿಂದಿನ ರಾತ್ರಿ ತಲೆನೋವು ಬಂದಿದ್ದರೆ ಮೆಟ್ಟಿಲು ಬಿಟ್ಟು, ಇಂಕಾ ಕಾಲದ ಕಾಲುವೆಗಳು ಇಂದಿಗೂ ಹರಿಯುವ ಕೆಳಗಿನ ಬೀದಿಗಳಲ್ಲಿ ಸುತ್ತಾಡಿ. ಅದೂ ಕಡಿಮೆಯದಲ್ಲ.

ಮೂರನೇ ದಿನ ಮಧ್ಯಾಹ್ನ ರೈಲು. ನದಿಯ ಪಕ್ಕದಲ್ಲೇ ಒಂದೂವರೆ ಗಂಟೆಗೂ ತುಸು ಹೆಚ್ಚು ಸಾಗಿ, ಮಾಚು ಪಿಚುವಿನ ಬುಡದ ಊರು, 2,040 ಮೀಟರ್‌ನ ಆಗ್ವಾಸ್ ಕಾಲಿಯೆಂತೆಸ್ ತಲುಪುತ್ತದೆ. ರೈಲಿನಲ್ಲಿ ಸಣ್ಣ ಚೀಲಕ್ಕಷ್ಟೇ ಅವಕಾಶ, ತೂಕದ ಮಿತಿ ಟಿಕೆಟಿನಲ್ಲಿದೆ. ದೊಡ್ಡ ಪೆಟ್ಟಿಗೆಯನ್ನು ಕಣಿವೆಯ ಹೋಟೆಲಿನಲ್ಲಿ ಬಿಟ್ಟು ರಸೀದಿ ತೆಗೆದುಕೊಳ್ಳಿ. ಈ ರಾತ್ರಿ ಎಲ್ಲರಿಗೂ ಗಾಢ ನಿದ್ದೆ.

ನಾಲ್ಕನೇ ದಿನ ಮಾಚು ಪಿಚು, 2,430 ಮೀಟರ್. ಬಸ್ಸಿನಲ್ಲಿ ಅರ್ಧ ಗಂಟೆ. ನಡೆದು ಹತ್ತುವುದಾದರೆ ಒಂದೂವರೆ ಗಂಟೆಯ ಕಡಿದು ಮೆಟ್ಟಿಲು. ಬಸ್ಸಿನ ಸಾಲಿಗೆ ಒಂದು ಗಂಟೆ ಹೆಚ್ಚುವರಿ ಇಟ್ಟುಕೊಳ್ಳಿ. ಒಳಗೆ ಶೌಚಾಲಯವಿಲ್ಲ, ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಬಾಗಿಲ ಹೊರಗಿನ ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಬೇಕು. 40×35×20 ಸೆಂಟಿಮೀಟರ್ ಮೀರಿದ ಚೀಲ ಒಳಗೆ ಬಿಡರು. ಸಂಜೆ ರೈಲು, ಪೆಟ್ಟಿಗೆ ತೆಗೆದುಕೊಂಡು ರಾತ್ರಿ ಕುಸ್ಕೋ. ಇಷ್ಟರಲ್ಲಿ ಮೈ ಮೂರು ರಾತ್ರಿಯ ಅಭ್ಯಾಸ ಪಡೆದಿರುತ್ತದೆ.

ಐದನೇ ದಿನ ಊರಿನ ಸಮತಟ್ಟಾದ ಭಾಗ: ಪ್ಲಾಸಾ ದೆ ಆರ್ಮಾಸ್ ಎಂಬ ಮುಖ್ಯ ಚೌಕ, ಇಂಕಾ ಗುಡಿಯ ಗೋಡೆಗಳ ಮೇಲೆ ಸ್ಪೇನಿನವರು ಮಠ ಕಟ್ಟಿದ ಕೊರಿಕಾಂಚಾ, ಹಾತುನ್ ರುಮಿಯೋಕ್ ಬೀದಿಯ ಹನ್ನೆರಡು ಮೂಲೆಯ ಕಲ್ಲು. ಈ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಸುತ್ತಲಿನ ಕಲ್ಲುಗಳು ಗಾರೆಯಿಲ್ಲದೆ ಅದರ ಒಂದೊಂದು ಮೂಲೆಗೂ ಕಚ್ಚಿಕೊಂಡ ಬಗೆ ನಮ್ಮ ಹೊಯ್ಸಳ ಶಿಲ್ಪಿಗಳ ಕೆಲಸ ನೋಡಿ ಬೆಳೆದವರನ್ನೂ ಬೆರಗುಗೊಳಿಸುತ್ತದೆ. ಮುಟ್ಟಬಾರದು.

ಆರನೇ ದಿನ ಊರ ಮೇಲಿನ ನಾಲ್ಕು ತಾಣಗಳು. ಟ್ಯಾಕ್ಸಿಯಲ್ಲಿ ಅತಿ ಮೇಲಿನ ತಾಂಬೊಮಚಾಯ್‌ಗೆ ಹೋಗಿ, ಪುಕಾ ಪುಕಾರಾ, ಕೆಂಕೊ, ಸಾಕ್ಸಾಯ್‌ವಾಮಾನ್ ನೋಡುತ್ತಾ ಇಳಿಯಿರಿ. ಏರುವ ಬದಲು ಇಳಿದರೆ ಅದೇ ದಾರಿ ಅರ್ಧದಷ್ಟು ಸುಲಭ. ಟ್ಯಾಕ್ಸಿಗಳಲ್ಲಿ ಮೀಟರ್ ಇಲ್ಲ, ಹತ್ತುವ ಮೊದಲೇ ದರ ಮಾತಾಡಿ. ಈ ನಾಲ್ಕೂ, ಕಣಿವೆಯ ಒಯಾಂತಾಯ್ತಾಂಬೊ, ಪಿಸಾಕ್ ಕೋಟೆಗಳೂ ಬೊಲೆತೊ ತುರಿಸ್ತಿಕೊ ಎಂಬ ಒಂದೇ ಟಿಕೆಟಿನಲ್ಲಿ ಸೇರಿವೆ. ವಿದೇಶಿಯರಿಗೆ 130 ಸೋಲ್ (ಪೆರುವಿನ ಹಣ), ಹತ್ತು ದಿನದ ಮಾನ್ಯತೆ. ಹಾಗಾಗಿ ಎರಡನೇ ದಿನವೇ ಕೊಳ್ಳಿ. ಕೊರಿಕಾಂಚಾ ಮತ್ತು ದೊಡ್ಡ ಚರ್ಚಿಗೆ ಬೇರೆ ಟಿಕೆಟ್.

ಕಾಮನಬಿಲ್ಲಿನ ಬೆಟ್ಟ ವಿನಿಕುಂಕಾ 5,000 ಮೀಟರ್ ಮೀರಿದ್ದು. ಆಸೆ ಇದ್ದರೆ ಏಳನೇ ದಿನಕ್ಕಿಡಿ, ಆ ಮುಂಜಾನೆ ತಲೆನೋವಿದ್ದರೆ ಕೊಟ್ಟ ಹಣ ಹೋದರೂ ಬಿಟ್ಟುಬಿಡಿ. ಅಪ್ಪ-ಅಮ್ಮನನ್ನು ಕರೆದೊಯ್ದವರು ಆ ದಿನವನ್ನು ಸಾನ್ ಪೆದ್ರೊ ಮಾರುಕಟ್ಟೆಗೆ ಕೊಡುವುದು ಮೇಲು. ಲಿಮಾಕ್ಕೆ ಮರಳುವ ವಿಮಾನವನ್ನು ಊರಿಗೆ ಹೊರಡುವ ವಿಮಾನದ ದಿನವೇ ಇಟ್ಟುಕೊಳ್ಳಬೇಡಿ. ಹವೆ ಕೆಟ್ಟರೆ ಕುಸ್ಕೋ ವಿಮಾನಗಳು ತಡವಾಗುತ್ತವೆ.

ಕೋಣೆ, ಊಟ, ಚೀಲ

ಸಾನ್ ಬ್ಲಾಸ್ ಬಡಾವಣೆಯ ಹೋಟೆಲುಗಳ ನೋಟ ಚೆಂದ, ಆದರೆ ಅನೇಕ ಬೀದಿಗಳು ಬರೀ ಮೆಟ್ಟಿಲು, ಕಾರು ಬಾಗಿಲಿಗೆ ಬರುವುದಿಲ್ಲ. ಚೌಕದ ಕೆಳಭಾಗದಲ್ಲಿ ಕೋಣೆ ಹಿಡಿಯಿರಿ. ಕಾಯಿಸುವ ಹೀಟರ್ ಇದೆಯೇ, ಆಮ್ಲಜನಕದ ಸಿಲಿಂಡರ್ ಇಟ್ಟಿದ್ದಾರೆಯೇ ಎಂದು ಬರೆದು ಕೇಳಿ. ವಿದೇಶಿ ಪ್ರವಾಸಿಗರಿಗೆ ಕೋಣೆ ಬಾಡಿಗೆಯ ಮೇಲಿನ ಶೇ. 18 ತೆರಿಗೆ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಪಾಸ್‌ಪೋರ್ಟ್ ತೋರಿಸಿ ತೆಗೆಸಿ.

ಆ ಎತ್ತರದಲ್ಲಿ ನೀರು ಸುಮಾರು 88-89 ಡಿಗ್ರಿಗೇ ಕುದಿಯುತ್ತದೆ. ಸಣ್ಣ ಎಲೆಕ್ಟ್ರಿಕ್ ಪಾತ್ರೆಯಲ್ಲಿ ಬೇಳೆ-ಅನ್ನ ಮಾಡಿಕೊಳ್ಳುತ್ತೇವೆ ಎಂದು ಹೊತ್ತೊಯ್ದವರಿಗೆ ಬೇಳೆ ಗಂಟೆಗಟ್ಟಲೆ ಬೇಯದೆ ಉಳಿಯುತ್ತದೆ. ಅವಲಕ್ಕಿ, ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ, ಚಟ್ನಿಪುಡಿ ಒಯ್ಯಿರಿ, ಅವು ಕೈಬಿಡುವುದಿಲ್ಲ. ಗಾಳಿ ತುಂಬಿದ ಪೊಟ್ಟಣಗಳು ಬಲೂನಿನಂತೆ ಉಬ್ಬುತ್ತವೆ, ಶಾಂಪೂ ಬಾಟಲಿ ಮುಚ್ಚಳದಿಂದ ಉಕ್ಕುತ್ತದೆ, ಉಪ್ಪಿನಕಾಯಿ ಎಣ್ಣೆಯೂ ಹಾಗೇ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ವಿದ್ಯುತ್ 220 ವೋಲ್ಟ್. ಮೊಬೈಲಿನ ಎರಡು ಸಣ್ಣ ಕಡ್ಡಿಯ ಚಾರ್ಜರ್ ಹಿಡಿಯುತ್ತದೆ, ನಮ್ಮ ಮೂರು ದಪ್ಪ ಕಡ್ಡಿಯ ಪ್ಲಗ್‌ಗೆ ಅಡಾಪ್ಟರ್ ಬೇಕು.

ಸಸ್ಯಾಹಾರಿಗಳು ಎರಡು ವಾಕ್ಯ ಕಲಿಯಿರಿ. ಗಂಡಸಾದರೆ ‘ಸೋಯ್ ವೆಹೆತಾರಿಯಾನೊ’, ಹೆಂಗಸಾದರೆ ‘ಸೋಯ್ ವೆಹೆತಾರಿಯಾನಾ’. ಆಮೇಲೆ ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’, ಅಂದರೆ ಮಾಂಸ, ಕೋಳಿ, ಮೀನು ಬೇಡ. ಬರೀ ಕಾರ್ನೆ ಬೇಡ ಎಂದರೆ ಕೋಳಿ ಬರಬಹುದು. ಕಿನುವಾ ಎಂಬ ಧಾನ್ಯದ ಸೂಪಿನಲ್ಲಿ ತರಕಾರಿ ಮಾತ್ರ ಕಂಡರೂ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರುವುದುಂಟು, ಕೇಳಿ ತಿಳಿಯಿರಿ. ದೊಡ್ಡ ಕಾಳಿನ ಮುಸುಕಿನ ಜೋಳ ಮತ್ತು ಚೀಸ್‌ನ ‘ಚೊಕ್ಲೊ ಕೋನ್ ಕೆಸೊ’, ಬಗೆಬಗೆಯ ಆಲೂಗಡ್ಡೆ, ಬೆಣ್ಣೆಹಣ್ಣು ಎಲ್ಲೆಡೆ ಸಿಗುತ್ತವೆ. ಮೊದಲೆರಡು ದಿನ ಹೊಟ್ಟೆಬಿರಿಯೆ ಉಣ್ಣಬೇಡಿ, ಜೀರ್ಣ ನಿಧಾನವಾಗುತ್ತದೆ. ನಲ್ಲಿ ನೀರು ಕುಡಿಯಬಾರದು.

ಬಿಸಿಲು ಬಹಳ ಕಟುವು. ಗಾಳಿ ತಣ್ಣಗಿರುವುದರಿಂದ ಚರ್ಮ ಸುಟ್ಟದ್ದು ಸಂಜೆಯವರೆಗೆ ಗೊತ್ತಾಗುವುದಿಲ್ಲ. ನಮ್ಮ ಮೈಬಣ್ಣಕ್ಕೆ ಏನಾಗುವುದಿಲ್ಲ ಎಂದುಕೊಳ್ಳದೆ ಸನ್‌ಸ್ಕ್ರೀನ್, ಟೋಪಿ, ತುಟಿಗೆ ಮುಲಾಮು ಇಟ್ಟುಕೊಳ್ಳಿ. ಉಡುಪು ಪದರಪದರವಾಗಿರಲಿ: ಒಳಗೆ ಥರ್ಮಲ್, ನಡುವೆ ಸ್ವೆಟರ್, ಮೇಲೆ ಮಳೆಗೆ ತಡೆಯುವ ಜಾಕೆಟ್. ಹಣಕ್ಕೆ ಹರಿಯದ, ಗೀಚದ ಡಾಲರ್ ನೋಟು ಒಯ್ಯಿರಿ. ಸಣ್ಣ ಹರುಕಿದ್ದರೂ ತಿರಸ್ಕರಿಸುತ್ತಾರೆ.

ಕೆಟ್ಟರೆ

ಸಾಧಾರಣ ತಲೆನೋವಿಗೆ ಪ್ಯಾರಾಸಿಟಮಾಲ್, ವಿಶ್ರಾಂತಿ, ನೀರು. ಲಕ್ಷಣ ಇರುವಷ್ಟು ಹೊತ್ತು ಇನ್ನೂ ಮೇಲಕ್ಕೆ ಹೋಗಬಾರದು. ಒಂದು ದಿನದಲ್ಲಿ ಇಳಿಯದಿದ್ದರೆ ಕೆಳಗಿನ ಊರಿಗೆ ಇಳಿಯಬೇಕು.

ಇವು ಕಂಡರೆ ಕಾಯಲೇಬಾರದು: ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮಿದರೆ ನೊರೆಕಫ, ತುಟಿ ನೀಲಿಯಾಗುವುದು, ಮಾತು ತಡವರಿಸುವುದು, ಗೊಂದಲ, ಕುಡಿದವರಂತೆ ತೂರಾಡುವುದು. ನೆಲದ ಮೇಲೆ ಒಂದು ಗೆರೆ ತೋರಿಸಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನಡೆಯಲು ಹೇಳಿ. ವಾಲಿದರೆ ಅದು ಮೆದುಳಿನ ಊತವಿರಬಹುದು. ಹೀಗಾದವರು ತಮಗೆ ಏನೂ ಆಗಿಲ್ಲ ಎಂದೇ ವಾದಿಸುತ್ತಾರೆ, ತೀರ್ಮಾನ ಜೊತೆಯಲ್ಲಿರುವವರೇ ಮಾಡಬೇಕು. ಹೋಟೆಲಿನಲ್ಲಿ ಆಮ್ಲಜನಕ ಹಾಕಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ, ಕೆಳಗಿಳಿಸುವ ಏರ್ಪಾಟು ಮಾಡಿ. ಪೆರುವಿನಲ್ಲಿ ಆಂಬುಲೆನ್ಸ್ ಸಂಖ್ಯೆ 106, ಪೊಲೀಸ್ 105.

ಅಲ್ಲಿ ಎಲ್ಲೆಡೆ ಕುಡಿಯಲು ಕೊಡುವ ಕೋಕಾ ಚಹಾ ಪೆರುವಿನಲ್ಲಿ ಕಾನೂನುಬದ್ಧ, ಆಂಡಿಸ್‌ನ ಜನರ ಶತಮಾನಗಳ ವಾಡಿಕೆ. ಬಿಸಿಬಿಸಿಯಾಗಿ ಹಿತವೆನಿಸುತ್ತದೆ, ಆದರೆ ಅದೇ ಔಷಧಿ ಎಂದು ಮಾತ್ರೆ ಬಿಡಬೇಡಿ. ಕೊಕೇನ್ ತೆಗೆಯುವುದೂ ಇದೇ ಎಲೆಯಿಂದ, ಹಾಗಾಗಿ ಒಂದು ಲೋಟ ಕುಡಿದರೂ ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಎಂದು ಬರಬಹುದು. ಅಮೆರಿಕದಲ್ಲೋ ಕೊಲ್ಲಿಯಲ್ಲೋ ಕೆಲಸಕ್ಕಿದ್ದು ಇಂಥ ಪರೀಕ್ಷೆ ಇರುವವರು ಪುದೀನದಂಥ ಮುನ್ಯಾ ಚಹಾ ಕೇಳಿ. ಹೊರಡುವ ಹಿಂದಿನ ರಾತ್ರಿ ಚೀಲದ ಮೂಲೆಮೂಲೆ ನೋಡಿ, ಕೋಕಾ ಎಲೆ, ಚಹಾ ಪೊಟ್ಟಣ, ಕೋಕಾ ಮಿಠಾಯಿ ಎಲ್ಲವನ್ನೂ ಅಲ್ಲೇ ಬಿಡಿ. ಭಾರತದಲ್ಲೂ ಅಮೆರಿಕದಲ್ಲೂ ಕೋಕಾ ಎಲೆ ತರುವುದು ಅಪರಾಧ. ಹಳದಿ ಜ್ವರದ ಪ್ರಮಾಣಪತ್ರವನ್ನು ಪೆಟ್ಟಿಗೆಗೆ ಹಾಕದೆ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಸಾಮಾನು ಕೈಗೆ ಸಿಗುವ ಮೊದಲೇ ಅದನ್ನು ಕೇಳಬಹುದು.